ಪಾನಕಕ್ಕೆ ಜೀವ ಬಂದಾಗ: ಸೂಜಿಮೆಣಸು ಹಾಕಿದ ಶುಂಠಿ ಬಿಯರ್ ಮಾಡುವ ಬಗೆ

ರಾಮನವಮಿಯ ಪಾನಕ ಒಂದು ಪಾತ್ರೆಯಷ್ಟು ಉಳಿದು, ಮರುದಿನದ ಸಂಜೆಯವರೆಗೆ ಅಡುಗೆಮನೆಯ ಮೂಲೆಯಲ್ಲೇ ಇದ್ದರೆ ಏನಾಗುತ್ತದೆ ಎಂಬುದು ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಅಂಚಿನಲ್ಲಿ ಸಣ್ಣ ನೊರೆ ಕಟ್ಟುತ್ತದೆ. ಮುಚ್ಚಳ ತೆಗೆದರೆ ಹುಳಿ ವಾಸನೆ. 'ಹಾಳಾಯಿತು' ಎಂದು ಬಾಳೆಯ ಬುಡಕ್ಕೆ ಸುರಿದು ಪಾತ್ರೆ ತೊಳೆಯುತ್ತೇವೆ. ನಾನೂ ವರ್ಷಗಟ್ಟಲೆ ಹಾಗೆಯೇ ಸುರಿದೆ. ಬೆಲ್ಲ, ಶುಂಠಿ, ಲಿಂಬೆ, ನೀರು ಇಷ್ಟೇ ಇದ್ದ ಪಾತ್ರೆಯಲ್ಲಿ ನೊರೆ ಎಲ್ಲಿಂದ ಬಂತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅದು ಬಂದದ್ದು ಶುಂಠಿಯ ಸಿಪ್ಪೆಯಿಂದ. ಅಲ್ಲಿ ಮೊದಲೇ ಬೀಡುಬಿಟ್ಟಿದ್ದ ಯೀಸ್ಟ್ ಮತ್ತು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಬೆಲ್ಲವನ್ನು ತಿನ್ನಲು ಆರಂಭಿಸಿದ್ದವು. ಯೀಸ್ಟ್ ಕೊಟ್ಟದ್ದು ಅನಿಲ, ಬ್ಯಾಕ್ಟೀರಿಯಾ ಕೊಟ್ಟದ್ದು ಹುಳಿ. ಮೂಲೆಯ ಪಾತ್ರೆಯಲ್ಲಿ ಗೊತ್ತುಗುರಿಯಿಲ್ಲದೆ ನಡೆದ ಈ ಕೆಲಸವನ್ನು ಶುಚಿಯಾಗಿ, ಅಳತೆಯಿಂದ, ನಮ್ಮ ಹಿಡಿತದಲ್ಲಿ ನಡೆಸಿದರೆ ಸಿಗುವುದೇ ಶುಂಠಿ ಬಿಯರ್. ಇಂಗ್ಲೆಂಡಿನವರು ಇದನ್ನು ಕಲ್ಲಿನಷ್ಟು ಗಟ್ಟಿಯಾಗಿ ಸುಟ್ಟ ಮಣ್ಣಿನ ಬಾಟಲಿಗಳಲ್ಲಿ ತುಂಬಿ ಮಾರುತ್ತಿದ್ದರು. ಅದರೊಳಗಿನ ಜೀವಿಗಳು ಯಾವುವು ಎಂಬುದನ್ನು ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ 1892ರಲ್ಲಿ ವಿವರಿಸಿದರು. ಒಂದು ಯೀಸ್ಟ್, ಒಂದು ಬ್ಯಾಕ್ಟೀರಿಯಾ, ಎರಡೂ ಒಂದನ್ನೊಂದು ನೆಚ್ಚಿಕೊಂಡು ಬಾಳುತ್ತವೆ ಎಂಬುದು ಅವರು ಕಂಡ ಮುಖ್ಯ ಸಂಗತಿ.

ನಮ್ಮ ಪಾನಕಕ್ಕೆ ಖಾರ ಕೊಡುವುದು ಕಾಳುಮೆಣಸು. ಇಲ್ಲಿ ಹೇಳುವ ಪಾನೀಯದಲ್ಲಿ ಆ ಜಾಗಕ್ಕೆ ಸೂಜಿಮೆಣಸು ಬರುತ್ತದೆ. ಕೆಲವರು ಇದನ್ನು ಜೀರಿಗೆ ಮೆಣಸು ಎನ್ನುತ್ತಾರೆ, ಘಟ್ಟದ ಕೆಳಗೆ ಗಾಂಧಾರಿ ಮೆಣಸು. ಹಿತ್ತಿಲಲ್ಲಿ ಯಾರೂ ನೆಡದೆ, ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟುವ ಆ ಗಿಡವೇ.

ಮೊದಲು ಕಾನೂನಿನ ಮಾತು

'ಬಿಯರ್' ಎಂಬ ಹೆಸರಿದ್ದರೂ ನಾನು ಹೇಳುತ್ತಿರುವುದು ಬಾರ್ಲಿಯ ಬಿಯರ್ ಅಲ್ಲ. ಮೊಳಕೆ ಬರಿಸಿದ ಬಾರ್ಲಿ, ಕಹಿ ಕೊಡುವ ಹಾಪ್ಸ್ ಹೂವು, ಯೀಸ್ಟ್ ಹಾಕಿ ಮನೆಯಲ್ಲಿ ಬಿಯರ್ ತಯಾರಿಸುವುದು ಅಮೆರಿಕದಲ್ಲಿ 1978ರ ಕಾನೂನಿನಿಂದ ಸಾಧ್ಯವಾಯಿತು. ಅಲ್ಲಿ ಮೆಣಸಿನಕಾಯಿ ಬಿಯರ್ ಮಾಡುವವರು ಬಹಳ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ದೇಶದ ಆಹಾರ ಸುರಕ್ಷತೆಯ 2018ರ ನಿಯಮಗಳು ಶೇ 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಪೇಯವನ್ನು ಮದ್ಯದ ಸಾಲಿಗೆ ಸೇರಿಸುತ್ತವೆ. ಹಾಗಾಗಿ ನಮ್ಮ ಗುರಿ ತಂಪು ಪಾನೀಯ: ಅನಿಲ ಬರುವಷ್ಟು ಮಾತ್ರ ಹುದುಗು, ಅಲ್ಲಿಗೆ ನಿಲ್ಲಿಸಿ ಫ್ರಿಡ್ಜಿಗೆ. ಮುಂದಿನ ಎಲ್ಲ ಅಳತೆಗಳನ್ನೂ ಈ ಗುರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಕಿದ್ದೇನೆ. ಆದರೂ ಇದರಲ್ಲಿ ಆಲ್ಕೋಹಾಲ್ ಸೊನ್ನೆ ಎಂದು ಹೇಳಲಾರೆ. ಮಕ್ಕಳು, ಗರ್ಭಿಣಿಯರು, ಆಲ್ಕೋಹಾಲ್ ಕೂಡದೆಂದು ವೈದ್ಯರು ಹೇಳಿದವರು, ವ್ರತನಿಯಮದಿಂದ ಅದನ್ನು ಬಿಟ್ಟವರು, ಇವರಿಗೆ ಹುದುಗಿಸದ ಪಾನಕವನ್ನೇ ಕೊಡಿ.

ಶುಂಠಿ ಹೆಪ್ಪು

ಮೊಸರಿಗೆ ಹೆಪ್ಪು ಹೇಗೋ ಇದಕ್ಕೂ ಹಾಗೆ. ಹೆಪ್ಪು ಚೆನ್ನಾಗಿದ್ದರೆ ಮುಂದಿನದು ಸಲೀಸು, ಹೆಪ್ಪು ಸೋತರೆ ಉಳಿದ ಶ್ರಮವೆಲ್ಲ ನೀರುಪಾಲು. ಆದ್ದರಿಂದ ಇಲ್ಲಿ ಅವಸರ ಬೇಡ.

ಶುಂಠಿಯ ಆಯ್ಕೆಯೇ ದೊಡ್ಡದು. ಸಾಗರ, ಸೊರಬ, ಶಿಕಾರಿಪುರ, ಹೊಸನಗರದ ಕಡೆ ಶುಂಠಿಗೆ ಬರವಿಲ್ಲ. ಕೀಳುವ ಕಾಲದಲ್ಲಿ ಮಾತೆಲ್ಲ 60 ಕಿಲೋ ಚೀಲದ ಬೆಲೆಯದೇ. ಹೊಲದಿಂದ ಆಗತಾನೆ ಕಿತ್ತ, ಮಣ್ಣು ಅಂಟಿದ ಗೆಡ್ಡೆ ಸಿಕ್ಕರೆ ಅದೇ ಉತ್ತಮ. ಮಣ್ಣನ್ನು ತಣ್ಣೀರಿನಲ್ಲಿ ತೊಳೆಯಿರಿ, ಸಿಪ್ಪೆ ತೆಗೆಯಬೇಡಿ. ನಮಗೆ ಬೇಕಾದ ಜೀವಿಗಳಿರುವುದು ಸಿಪ್ಪೆಯಲ್ಲೇ. ಒಂದು ಎಚ್ಚರಿಕೆಯನ್ನು ಮಾತ್ರ ಎರಡು ಬಾರಿ ಹೇಳಿದರೂ ಕಡಿಮೆಯೇ: ಬಿತ್ತನೆಗೆಂದು ತೆಗೆದಿಟ್ಟ ಶುಂಠಿಯನ್ನು ಯಾವ ಕಾರಣಕ್ಕೂ ಬಳಸಬೇಡಿ. ಕೊಳೆ ರೋಗ ಬಾರದಿರಲೆಂದು ಬೀಜದ ಗೆಡ್ಡೆಯನ್ನು ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕದಲ್ಲಿ ಅರ್ಧ ಗಂಟೆ ಅದ್ದಿ ಒಣಗಿಸುವುದು ರೂಢಿ. ಅದು ತಿನ್ನುವ ವಸ್ತುವಲ್ಲ. ಯೀಸ್ಟ್ ಕೂಡ ಶಿಲೀಂಧ್ರದ ಜಾತಿಯದೇ ಆದ್ದರಿಂದ ಅದರಲ್ಲಿ ಹೆಪ್ಪೂ ಏಳುವುದಿಲ್ಲ. ಬೆಳೆಗಾರರ ಮನೆಯ ಅಟ್ಟದಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ, ಕೇಳಿ ತೆಗೆದುಕೊಳ್ಳಿ.

ನೀರಿನ ವಿಷಯವೂ ಇದೆ. ಶಿವಮೊಗ್ಗ ನಗರದಲ್ಲಿ ನಲ್ಲಿಗೆ ಬರುವ ತುಂಗೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಹೆಪ್ಪಿನ ಜೀವಿಗಳನ್ನೂ ಕುಗ್ಗಿಸುತ್ತದೆ. ಕುದಿಸಿ, ತೆರೆದಿಟ್ಟು ಪೂರ್ತಿ ತಣಿಸಿದರೆ ಸಾಕು. ಹಳ್ಳಿಯ ಬಾವಿಯ ನೀರು, ಗುಡ್ಡದಿಂದ ದಂಬೆಯಲ್ಲಿ ಹರಿದು ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿಯೇ ಬಳಸಿ.

ಒಂದು ಲೀಟರ್ ಹಿಡಿಯುವ, ಬಾಯಿ ಅಗಲವಾದ ಗಾಜಿನ ಭರಣಿಗೆ ಅರ್ಧ ಲೀಟರ್ ತಣಿದ ನೀರು, ಸಿಪ್ಪೆಸಹಿತ ತುರಿದ ಶುಂಠಿ 30 ಗ್ರಾಂ, ಸಕ್ಕರೆ 30 ಗ್ರಾಂ ಹಾಕಿ ಒಣಗಿದ ಚಮಚದಿಂದ ಚೆನ್ನಾಗಿ ಕಲಕಿ. ಬಾಯಿಗೆ ತೆಳು ಬಟ್ಟೆ ಕಟ್ಟಿ. ನೊಣ, ನುಸಿ ಒಳಗೆ ಹೋಗದಂತೆ ಕಟ್ಟು ಬಿಗಿಯಾಗಿರಲಿ. ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ ಕಲಕುತ್ತಿರಿ. ದಿನಕ್ಕೊಮ್ಮೆ 15 ಗ್ರಾಂ ಶುಂಠಿ, 15 ಗ್ರಾಂ ಸಕ್ಕರೆಯ ಊಟ ಕೊಡಿ.

ಎಷ್ಟು ದಿನ? ಅದನ್ನು ಹೇಳುವುದು ಕಾಲ. ಏಪ್ರಿಲ್ ತಿಂಗಳಲ್ಲಿ ಶಿವಮೊಗ್ಗ ಪೇಟೆಯ ಮನೆಯಲ್ಲಿ ಮೂರನೆಯ ದಿನಕ್ಕೇ ಹೆಪ್ಪು ಕುಣಿಯುತ್ತದೆ. ಆಷಾಢದ ಜಡಿಮಳೆಯಲ್ಲಿ ಆಗುಂಬೆ, ಹುಲಿಕಲ್ ಸುತ್ತಮುತ್ತ ಆರೇಳು ದಿನ ಬೇಕಾಗಬಹುದು. ಮಳೆಗಾಲದಲ್ಲಿ ನಾನು ಭರಣಿಯನ್ನು ಬಚ್ಚಲ ಹಂಡೆಯ ಒಲೆಯಿಂದ ಎರಡು ಮಾರು ದೂರದಲ್ಲಿ ಇಡುತ್ತೇನೆ. ಬೆಚ್ಚಗಿರಬೇಕು, ಬಿಸಿ ತಾಗಬಾರದು. ಚಮಚ ಹಾಕಿದೊಡನೆ ಗುಳ್ಳೆಗಳು 'ಸುಸ್' ಎಂದು ಮೇಲೇಳಬೇಕು, ಶುಂಠಿಯ ತುರಿ ತೇಲಿ ನಿಲ್ಲಬೇಕು, ದೋಸೆ ಹಿಟ್ಟು ಉಬ್ಬಿದಾಗಿನ ವಾಸನೆ ಬರಬೇಕು. ಈ ಮೂರೂ ಕಂಡರೆ ಹೆಪ್ಪು ಸಿದ್ಧ. ಔಷಧದಂಗಡಿಯಲ್ಲಿ ಸಿಗುವ, ಹುಳಿ ಅಳೆಯುವ ಪಿಎಚ್ ಪಟ್ಟಿಯಿದ್ದರೆ ಅದ್ದಿ ನೋಡಿ, 4.5ಕ್ಕಿಂತ ಕೆಳಗಿರಬೇಕು. ಆ ಹುಳಿಯಲ್ಲಿ ಅಪಾಯದ ಬ್ಯಾಕ್ಟೀರಿಯಾಗಳು ಬೆಳೆಯುವುದು ಕಷ್ಟ.

ಮೇಲ್ಮೈಯಲ್ಲಿ ಬಿಳಿ, ಚಪ್ಪಟೆ ಕೆನೆಯಂಥದ್ದು ಕಂಡರೆ ಹೆದರಬೇಡಿ, ಅದೂ ಒಂದು ಬಗೆಯ ಯೀಸ್ಟ್. ಚಮಚದಿಂದ ತೆಗೆದು ಹಾಕಿ. ಹಸಿರು, ನೀಲಿ ಅಥವಾ ಕಪ್ಪು ರೋಮದಂತೆ ಬೆಳೆದಿದ್ದರೆ ಅದು ಬೂಸ್ಟು. ಅದನ್ನು ತೆಗೆದು ಉಳಿದದ್ದನ್ನು ಬಳಸುವ ಆಸೆ ಬೇಡ, ಇಡೀ ಭರಣಿಯನ್ನು ಚೆಲ್ಲಿ. ದ್ರವ ನೂಲು ನೂಲಾಗಿ ಲೋಳೆಯಾದರೆ ಅದು ಸಕ್ಕರೆಯನ್ನು ಅಂಟಾಗಿಸುವ ಬ್ಯಾಕ್ಟೀರಿಯಾದ ಕೆಲಸ. ಕೆಲವೊಮ್ಮೆ ಎರಡು ದಿನದಲ್ಲಿ ತಾನಾಗಿ ಸರಿಹೋಗುತ್ತದೆ, ಆದರೆ ನನ್ನ ಅಭ್ಯಾಸ ಹೊಸದಾಗಿ ಆರಂಭಿಸುವುದು.

ಸೂಜಿಮೆಣಸಿನ ಲೆಕ್ಕ

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಹೆಚ್ಚಿನವರು ತಪ್ಪುವುದೂ ಇಲ್ಲೇ.

ಕನ್ನಡದಲ್ಲಿ 'ಮೆಣಸು' ಎಂದರೆ ಮೊದಲಿಗೆ ಕಾಳುಮೆಣಸು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಆ ಕಪ್ಪು ಬಂಗಾರಕ್ಕಾಗಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಅದೇ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಬಂದ ಮೇಲೆ ಹೆಸರನ್ನೂ ಪಡೆದುಕೊಂಡಿತು, ಹಿತ್ತಿಲನ್ನೂ ಪಡೆದುಕೊಂಡಿತು.

ಕಾಳುಮೆಣಸು, ಶುಂಠಿ, ಮೆಣಸಿನಕಾಯಿ ಈ ಮೂರೂ ಬೇರೆ ಬೇರೆ ಕುಲದ ಗಿಡಗಳು. ಆದರೆ ಮೂರರ ಖಾರವೂ ನಮ್ಮ ನರಗಳಲ್ಲಿ ತಟ್ಟುವುದು ಒಂದೇ ಬಾಗಿಲನ್ನು. ಸುಡುವ ಬಿಸಿಯನ್ನು ಅರಿಯುವ ಆ ಗ್ರಾಹಕವನ್ನು ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿತು. ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಕ್ಕಿಗಳಲ್ಲಿ ಈ ಗ್ರಾಹಕಕ್ಕೆ ಮೆಣಸಿನಕಾಯಿಯ ಖಾರ ತಾಗುವುದಿಲ್ಲ. ಪಿಕಳಾರ ಬಂದು ಕೆಂಪಗಾದ ಸೂಜಿಮೆಣಸನ್ನು ನುಂಗಿ ಹೋಗುವುದನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಬಾಗಿಲು ಒಂದೇ ಆದರೂ ಬರುವ ರೀತಿ ಬೇರೆ. ಶುಂಠಿಯ ಖಾರ ಬೇಗ ಬಂದು ಬೇಗ ಹೋಗುತ್ತದೆ, ಮೂಗಿನ ಹಿಂದೆ ಬಿಚ್ಚಿಕೊಳ್ಳುತ್ತದೆ. ಸೂಜಿಮೆಣಸಿನದು ತಡವಾಗಿ ಬಂದು ಗಂಟಲಿನಲ್ಲಿ ಕುಳಿತುಕೊಳ್ಳುತ್ತದೆ, ಗುಟುಕಿನ ಮೇಲೆ ಗುಟುಕು ಹೋದಂತೆ ಏರುತ್ತದೆ. ಒಂದು ಚಮಚ ನಾಲಿಗೆಗೆ ಹಾಕಿ 'ಖಾರ ಸಾಲದು' ಎಂದು ತೀರ್ಮಾನಿಸಿದವರು ಅರ್ಧ ಲೋಟ ಮುಗಿಯುವಷ್ಟರಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಾರೆ. ರುಚಿ ನೋಡುವಾಗ ಚಮಚ ಬಿಡಿ, ಸಣ್ಣ ಲೋಟದಲ್ಲಿ ಅರ್ಧದಷ್ಟು ತೆಗೆದುಕೊಂಡು ಐದು ನಿಮಿಷದಲ್ಲಿ ನಿಧಾನವಾಗಿ ಕುಡಿದು ಮುಗಿಸಿ. ಆಗ ಸಿಗುವ ಉತ್ತರವೇ ನಿಜವಾದದ್ದು.

ಮೆಣಸಿನಕಾಯಿಯ ಖಾರ, ಅಂದರೆ ಕ್ಯಾಪ್ಸೈಸಿನ್, ಬೀಜದಲ್ಲಿಲ್ಲ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿದೆ. ಅದು ತಣ್ಣೀರಿನಲ್ಲಿ ಬಹುತೇಕ ಕರಗುವುದಿಲ್ಲ, ಎಣ್ಣೆಯಲ್ಲಿ ಮತ್ತು ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಬಾರ್ಲಿ ಬಿಯರ್ ತಯಾರಿಸುವವರು ಮೆಣಸಿನಕಾಯಿಯನ್ನು ಹುದುಗು ಮುಗಿದ ಮೇಲೆ ಹಾಕಿ ದಿನಗಟ್ಟಲೆ ಬಿಡುವುದು ಇದಕ್ಕೇ: ಅಲ್ಲಿರುವ ಆಲ್ಕೋಹಾಲ್ ಖಾರವನ್ನು ಎಳೆಯುತ್ತದೆ. ನಮ್ಮ ಪಾನೀಯದಲ್ಲಿ ಆ ಅನುಕೂಲ ಇಲ್ಲ, ಆದ್ದರಿಂದ ಬಿಸಿಯಿಂದ ಎಳೆಯಬೇಕು. ಹಾಗೆಂದು ಕುದಿಸಿದರೆ ಹಸಿ ಮೆಣಸಿನ ಪರಿಮಳ ಹಾರಿಹೋಗಿ, ಬೇಯಿಸಿದ ಪಲ್ಯದ ವಾಸನೆ ಉಳಿಯುತ್ತದೆ. ಒಲೆ ಆರಿಸಿದ ಮೇಲೆ ಹಾಕಿ ಮುಚ್ಚಿಡುವುದು, ಚಹಾಸೊಪ್ಪಿನ ಹಾಗೆ, ನಡುವಿನ ದಾರಿ.

ನಾಲ್ಕು ಲೀಟರಿಗೆ ಹಣ್ಣಾದ ಕೆಂಪು ಸೂಜಿಮೆಣಸು ನಾಲ್ಕರಿಂದ ಮೊದಲುಮಾಡಿ. ನಮ್ಮ ಮನೆಯಲ್ಲಿ ಏಳು ಹಾಕುತ್ತೇವೆ. ಬೆಂಗಳೂರಿನಿಂದ ನೆಂಟರು ಬರುವ ದಿನ ಐದು. ಒಂದೇ ಗಿಡದ ಕಾಯಿಗಳೂ ಒಂದೇ ಖಾರ ಇರುವುದಿಲ್ಲ, ಬಿಸಿಲಿನಲ್ಲಿ ನೀರು ಕಡಿಮೆಯಾದಾಗ ಬೆಳೆದವು ಜೋರು. ಸೀಳುವ ಮೊದಲು ಬೆರಳಿಗೆ ತೆಂಗಿನೆಣ್ಣೆ ಸವರಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪಿನಿಂದ ತೊಳೆಯಿರಿ. ಬರಿ ನೀರಿನಿಂದ ಹೋಗುವುದಿಲ್ಲ. ಆ ಕೈಯಿಂದ ಕಣ್ಣು ಮುಟ್ಟಬೇಡಿ, ಎಳೆಮಗುವನ್ನು ಎತ್ತಿಕೊಳ್ಳಬೇಡಿ.

ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಚೆಂದದ ಕೆಂಪು ಬರಬಹುದೆಂದು ನಾನು ಬಹಳ ಆಸೆಯಿಂದ ಪ್ರಯತ್ನಿಸಿದೆ. ಬರಲಿಲ್ಲ. ಬ್ಯಾಡಗಿಯ ಬಣ್ಣ ಎಣ್ಣೆಯಲ್ಲಿ ಬಿಡುವ ಬಣ್ಣ, ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ. ಒಣಮೆಣಸಿನ ಒಂದು ಹದವಾದ ಪರಿಮಳ ಮಾತ್ರ ಸಿಗುತ್ತದೆ. ಬಣ್ಣವೇ ಬೇಕಿದ್ದರೆ ಮುರುಗಲು ಹಣ್ಣಿನ ಒಣ ಸಿಪ್ಪೆ ನಾಲ್ಕೈದು ಹಾಕಿ. ಅದರ ಕೆಂಪು ನೀರಿನಲ್ಲೇ ಕರಗುತ್ತದೆ, ಹುಳಿಯೂ ಒದಗುತ್ತದೆ. ಆಗ ಲಿಂಬೆಯನ್ನು ಅರ್ಧಕ್ಕೆ ಇಳಿಸಿ.

ಕಷಾಯ ಕಾಯಿಸುವುದು

ನಾಲ್ಕು ಲೀಟರ್ ನೀರಿಗೆ: ಶುಂಠಿ 250 ಗ್ರಾಂ, ಬೆಲ್ಲ 200 ಗ್ರಾಂ, ಸಕ್ಕರೆ 150 ಗ್ರಾಂ, ದೊಡ್ಡ ಲಿಂಬೆ ನಾಲ್ಕು, ಚಿಟಿಕೆ ಉಪ್ಪು, ಸೂಜಿಮೆಣಸು, ಸೋಸಿದ ಹೆಪ್ಪು 200 ಮಿಲಿ. ಪಾತ್ರೆ ಸ್ಟೀಲಿನದೇ ಇರಲಿ. ಹುಳಿ ತಾಗುವ ಕೆಲಸಕ್ಕೆ ತಾಮ್ರ, ಹಿತ್ತಾಳೆ ಬೇಡ.

ಬೆಲ್ಲವೊಂದನ್ನೇ ಏಕೆ ಹಾಕಬಾರದು ಎಂದು ಕೇಳಬಹುದು. ಹಾಕಬಹುದು, ಆದರೆ ಬೆಲ್ಲದ ರುಚಿ ಗಟ್ಟಿ. ಶುಂಠಿಯನ್ನೂ ಮೆಣಸನ್ನೂ ಅದು ಹಿಂದಕ್ಕೆ ತಳ್ಳುತ್ತದೆ. ಸಕ್ಕರೆ ಬೆರೆಸಿದರೆ ಮೂರಕ್ಕೂ ಜಾಗ ಸಿಗುತ್ತದೆ. ಆಲೆಮನೆಯ ಜೋನಿ ಬೆಲ್ಲ ಮನೆಯಲ್ಲಿದ್ದರೆ ಬಲು ಸೊಗಸು. ಅದರಲ್ಲಿ ನೀರಿನ ಅಂಶ ಇರುವುದರಿಂದ 200 ಗ್ರಾಂ ಬದಲು 270 ಗ್ರಾಂ ತೂಗಿ.

ಒಂದೂವರೆ ಲೀಟರ್ ನೀರು ಕುದಿಯಲು ಇಡಿ. 150 ಗ್ರಾಂ ಶುಂಠಿಯನ್ನು ಒರಳಲ್ಲಿ ಜಜ್ಜಿ ಹಾಕಿ ಸಣ್ಣ ಉರಿಯಲ್ಲಿ 15 ನಿಮಿಷ ಕಾಯಿಸಿ. ಉಳಿದ 100 ಗ್ರಾಂ ತುರಿದು ಪಕ್ಕಕ್ಕಿಡಿ, ಅದಕ್ಕೆ ಬೆಂಕಿ ತೋರಿಸುವುದಿಲ್ಲ. ಈ ಇಬ್ಭಾಗಕ್ಕೆ ಕಾರಣವಿದೆ. ಹಸಿ ಶುಂಠಿಯ ಖಾರ ಜಿಂಜೆರಾಲ್ ಎಂಬ ವಸ್ತುವಿನದು. ಕಾಯಿಸಿದಾಗ ಅದರ ಒಂದಂಶ ಜಿಂಜೆರೋನ್ ಆಗಿ ಮೆತ್ತಗಿನ, ಸಿಹಿಯಾದ ಪರಿಮಳ ಕೊಡುತ್ತದೆ, ಇನ್ನೊಂದಂಶ ಒಣಶುಂಠಿಯಲ್ಲಿರುವ ಶೋಗಾವೋಲ್ ಆಗಿ ಚುರುಕಾಗುತ್ತದೆ. ಕಾಯಿಸಿದ್ದು ಪಾನೀಯಕ್ಕೆ ಮೈ ಕೊಡುತ್ತದೆ, ಹಸಿಯದು ಮೂಗಿಗೆ ಏರುವ ಘಾಟು ಕೊಡುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಒಲೆ ಆರಿಸಿ. ಬೆಲ್ಲ, ಸಕ್ಕರೆ, ಉಪ್ಪು ಹಾಕಿ ಕರಗಿಸಿ. ಈಗ ಉದ್ದಕ್ಕೆ ಸೀಳಿದ ಸೂಜಿಮೆಣಸು ಮತ್ತು ತುರಿದ ಹಸಿ ಶುಂಠಿ ಹಾಕಿ ಮುಚ್ಚಳ ಮುಚ್ಚಿ. ಹತ್ತು ನಿಮಿಷದ ನಂತರ ಅದರ ಕಾಲು ಲೋಟಕ್ಕೆ ಅರ್ಧ ಲೋಟದಷ್ಟು ತಣ್ಣೀರು ಬೆರೆಸಿ, ಮೇಲೆ ಹೇಳಿದಂತೆ ನಿಧಾನವಾಗಿ ಕುಡಿದು ನೋಡಿ. ಬೇಕೆನಿಸಿದರೆ ಇನ್ನೈದು ನಿಮಿಷ ಬಿಡಿ. ಸಾಕೆನಿಸಿದ ಕ್ಷಣ ತೆಳು ಬಟ್ಟೆಯಲ್ಲಿ ಸೋಸಿಬಿಡಿ, ಬೆಲ್ಲದ ಮರಳು, ಕಸವೂ ಅಲ್ಲೇ ನಿಲ್ಲುತ್ತದೆ. ಮೆಣಸನ್ನು ಬಾಟಲಿಯೊಳಗೆ ಅಂದಕ್ಕೆಂದು ಬಿಡಬೇಡಿ. ದಿನ ಕಳೆದಂತೆ ಅದು ಖಾರ ಬಿಡುತ್ತಲೇ ಇರುತ್ತದೆ, ಬಾಟಲಿ ತೆರೆದಾಗ ತುಣುಕುಗಳು ನೊರೆಯನ್ನು ಚಿಮ್ಮಿಸುತ್ತವೆ.

ಉಳಿದ ಎರಡೂವರೆ ಲೀಟರ್ ಕುದಿಸಿ ತಣಿಸಿದ ನೀರನ್ನು ಬೆರೆಸಿ. ಲಿಂಬೆರಸ ಈಗ ಹಿಂಡಿ. ಲಿಂಬೆ ಇಲ್ಲಿ ಬರಿ ರುಚಿಗಲ್ಲ. ಮೊದಲ ಗಂಟೆಯಿಂದಲೇ ದ್ರವ ಹುಳಿಯಾಗಿದ್ದರೆ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಅವಕಾಶ ಸಿಗುವುದಿಲ್ಲ. ಕೈಬೆರಳು ಅದ್ದಿದರೆ ಬಿಸಿ ತಿಳಿಯದಷ್ಟು ತಣಿದ ಮೇಲೆ ಮಾತ್ರ ಹೆಪ್ಪು ಸೋಸಿ ಹಾಕಿ, ಸೌಟಿನಿಂದ ಚೆನ್ನಾಗಿ ಕಲಕಿ. ಬಿಸಿಯಿರುವಾಗ ಹಾಕಿದರೆ ವಾರದ ಶ್ರಮ ಒಂದು ನಿಮಿಷದಲ್ಲಿ ಸಾಯುತ್ತದೆ.

ಬಾಟಲಿ

ಇಲ್ಲಿ ನನ್ನ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ಹಣ್ಣಿನ ರಸ ಬಂದಿದ್ದ ಗಾಜಿನ ಬಾಟಲಿಗಳಿಗೆ ತುಂಬಿ, ಮುಚ್ಚಳ ಬಿಗಿದು ಅಟ್ಟದ ಮೇಲೆ ಇಟ್ಟೆ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಮೇಲಿನಿಂದ ಸಿಡಿದ ಸದ್ದು. ಗಾಜಿನ ಚೂರು ಮರದ ತೊಲೆಗೆ ನಾಟಿತ್ತು. ಅಟ್ಟದಲ್ಲಿ ಯಾರೂ ಇರಲಿಲ್ಲವೆಂಬುದು ನಮ್ಮ ಪುಣ್ಯ. ಅಂದಿನಿಂದ ಈ ಕೆಲಸಕ್ಕೆ ಗಾಜು ಮುಟ್ಟಿಲ್ಲ.

ಲೆಕ್ಕ ನೋಡಿ. ಒಂದು ಲೀಟರಿನಲ್ಲಿ 10 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಸುಮಾರು 5 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅಂದರೆ ಎರಡೂವರೆ ಲೀಟರಿನಷ್ಟು ಅನಿಲ. ಒಳ್ಳೆಯ ನೊರೆಗೆ ಇದೇ ಹೆಚ್ಚು. ಆದರೆ ನಮ್ಮ ಪಾನೀಯದ ಪ್ರತಿ ಲೀಟರಿನಲ್ಲೂ ಎಂಬತ್ತು ಗ್ರಾಂನಷ್ಟು ಸಿಹಿ ಇದೆ. ಅಷ್ಟನ್ನೂ ತಿನ್ನಲು ಬಿಟ್ಟರೆ ಒಂದು ಲೀಟರಿನ ಬಾಟಲಿಯೊಳಗೆ ಇಪ್ಪತ್ತು ಲೀಟರಿನಷ್ಟು ಅನಿಲ ಹುಟ್ಟುತ್ತದೆ. ಯಾವ ಬಾಟಲಿಯೂ ಅದನ್ನು ತಡೆಯದು.

ಸೋಡಾ ಅಥವಾ ಕೋಲಾ ತುಂಬಿ ಬಂದ ಗಟ್ಟಿ ಪ್ಲಾಸ್ಟಿಕ್ ಬಾಟಲಿಗಳನ್ನೇ ಬಳಸಿ. ಕುಡಿಯುವ ನೀರಿನ ಬಾಟಲಿ ತೆಳು, ಅದು ಒತ್ತಡಕ್ಕೆಂದು ಮಾಡಿದ್ದಲ್ಲ. ಸೋಪಿನ ನೀರಿನಲ್ಲಿ ತೊಳೆದು, ಕುದಿಸಿ ತಣಿಸಿದ ನೀರಿನಲ್ಲಿ ಜಾಲಿಸಿ. ಕುದಿಯುವ ನೀರು ಹಾಕಿದರೆ ಬಾಟಲಿ ಮುದುರುತ್ತದೆ. ಗೋಲಿ ಸೋಡಾ ಬಾಟಲಿ ಹೇಗೆ ಎಂದು ಕೇಳುವವರಿದ್ದಾರೆ. ಹೈರಮ್ ಕಾಡ್ ಎಂಬ ಇಂಗ್ಲೆಂಡಿನವರು 1872ರಲ್ಲಿ ಪೇಟೆಂಟ್ ಪಡೆದ ಆ ಬಾಟಲಿಯಲ್ಲಿ ಒಳಗಿನ ಅನಿಲವೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುತ್ತದೆ. ಅದನ್ನು ಬಾಯಿ ಕೆಳಗಾಗಿಸಿ, ಯಂತ್ರದ ಒತ್ತಡದಲ್ಲೇ ತುಂಬಬೇಕು. ಮನೆಯ ಹುದುಗಿಗೆ ಅದು ಹೊಂದುವುದಿಲ್ಲ.

ಹೆಪ್ಪು ಬೆರೆಸಿದ ಕೂಡಲೇ ಆಲಿಕೆ ಇಟ್ಟು ತುಂಬಿ. ಮೇಲೆ ನಾಲ್ಕು ಬೆರಳು ಜಾಗ ಬಿಡಿ, ಮುಚ್ಚಳ ಬಿಗಿಯಿರಿ. ಕೆಲವರು ಒಂದೆರಡು ದಿನ ತೆರೆದ ಪಾತ್ರೆಯಲ್ಲಿ ಹುದುಗಿಸಿ ಆಮೇಲೆ ಬಾಟಲಿಗೆ ತುಂಬುವಂತೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತೆರೆದ ಪಾತ್ರೆಯಲ್ಲಿ ಅನಿಲವೆಲ್ಲ ಹಾರಿಹೋಗುತ್ತದೆ, ಆಲ್ಕೋಹಾಲ್ ಮಾತ್ರ ಉಳಿಯುತ್ತದೆ. ನಮಗೆ ಬೇಕಾದದ್ದು ಇದರ ತಿರುಗುಮುರುಗು.

ಬಾಟಲಿಗಳನ್ನು ಬಿಸಿಲು ಬೀಳದ ಕಡೆ ಬಕೆಟ್ಟಿನೊಳಗೆ ನಿಲ್ಲಿಸಿ, ಆರು ಗಂಟೆಗೊಮ್ಮೆ ಹಿಚುಕಿ ನೋಡಿ. ತುಂಬಿದಾಗ ಮೆತ್ತಗಿದ್ದ ಬಾಟಲಿ ನಿಧಾನವಾಗಿ ಬಿಗಿಯಾಗುತ್ತದೆ. ಹೆಬ್ಬೆರಳು ಒತ್ತಿದರೆ ಒಳಗೆ ಹೋಗದಷ್ಟು ಗಟ್ಟಿಯಾದ ಕೂಡಲೇ ಫ್ರಿಡ್ಜಿಗೆ. ಬೇಸಿಗೆಯಲ್ಲಿ ಇದಕ್ಕೆ 12ರಿಂದ 18 ಗಂಟೆ ಸಾಕು, ಮಳೆಗಾಲದಲ್ಲಿ ಎರಡು ಮೂರು ದಿನವೂ ಬೇಕಾಗಬಹುದು. ಗಡಿಯಾರಕ್ಕಿಂತ ಹೆಬ್ಬೆರಳನ್ನು ನಂಬಿ. ರಾತ್ರಿ ಮಲಗುವಾಗ ಬಾಟಲಿ ಮುಕ್ಕಾಲು ಬಿಗಿದಿದ್ದರೆ 'ಬೆಳಿಗ್ಗೆ ನೋಡೋಣ' ಎನ್ನದೆ ಆಗಲೇ ಒಳಗಿಡಿ.

ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಇನ್ನೂ ಖಚಿತ. ತುಂಬುವ ಮೊದಲು ಸಾಂದ್ರತೆ ಓದಿಕೊಳ್ಳಿ. ಈ ಅಳತೆಗೆ ಸುಮಾರು 1.033 ಬರುತ್ತದೆ. ಮುಗಿದ ಮೇಲೆ ಸ್ವಲ್ಪ ದ್ರವವನ್ನು ಎರಡು ಲೋಟದ ನಡುವೆ ಆರಿಸಿ ಅನಿಲ ಹೊರಡಿಸಿ ಮತ್ತೆ ಓದಿ. ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾ ಅಂದಾಜು ಸಿಗುತ್ತದೆ. 1.033ರಿಂದ 1.030ಕ್ಕೆ ಇಳಿದಿದ್ದರೆ ಶೇ 0.4. ಹೆಪ್ಪಿನ ಜೊತೆ ಬಂದ ಅಲ್ಪಸ್ವಲ್ಪವನ್ನೂ ಸೇರಿಸಿದರೆ ಅಲ್ಲಿಗೆ ನಿಲ್ಲಿಸಲೇಬೇಕು. ಹೆಚ್ಚು ದಿನ ಹೊರಗಿಟ್ಟರೆ ಖಾರ, ಸಿಹಿ, ಹುಳಿಯ ಹದವೂ ತಪ್ಪುತ್ತದೆ, ಕಾನೂನಿನ ಗೆರೆಯೂ ದಾಟುತ್ತದೆ.

ಕುಡಿಯುವಾಗ

ಫ್ರಿಡ್ಜಿನಲ್ಲಿ ಕನಿಷ್ಠ ಎಂಟು ಗಂಟೆ ಇರಲಿ. ತಣ್ಣಗಾದಷ್ಟೂ ಅನಿಲ ದ್ರವದಲ್ಲಿ ನಿಲ್ಲುತ್ತದೆ. ಮುಚ್ಚಳವನ್ನು ಒಮ್ಮೆಗೇ ತಿರುಗಿಸಬೇಡಿ, ಚೂರೇ ಸಡಿಲಿಸಿ, ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ. ತಳದಲ್ಲಿ ಕೂತ ಬಿಳಿ ಗಸಿ ಯೀಸ್ಟಿನದು, ಕುಡಿದರೂ ತೊಂದರೆಯಿಲ್ಲ, ತಿಳಿಯನ್ನಷ್ಟೇ ಬಗ್ಗಿಸಿದರೆ ನೋಡಲು ಚೆಂದ. ಚಳಿಯಲ್ಲಿ ಹುದುಗು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಎರಡು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ, ವಾರದೊಳಗೆ ಮುಗಿಸಿ. ಕರೆಂಟು ದಿನವಿಡೀ ಹೋಗುವ ಮಳೆಗಾಲದ ವಾರಗಳಲ್ಲಿ ನಾನು ಅರ್ಧ ಅಳತೆಯಷ್ಟೇ ಮಾಡುತ್ತೇನೆ.

ಮಂಡಕ್ಕಿಯ ಜೊತೆ, ಹಲಸಿನಕಾಯಿ ಹಪ್ಪಳದ ಜೊತೆ ಇದು ಬಹಳ ಹೊಂದುತ್ತದೆ. ಖಾರ ಅತಿಯಾದವರಿಗೆ ನೀರು ಕೊಡಬೇಡಿ, ಅದು ಖಾರವನ್ನು ಬಾಯಿತುಂಬ ಹರಡುತ್ತದೆ. ಎರಡು ಚಮಚ ಮೊಸರು ಕೊಡಿ. ಹಾಲಿನ ಪ್ರೋಟೀನ್ ಕ್ಯಾಪ್ಸೈಸಿನನ್ನು ಹಿಡಿದುಕೊಂಡು ಹೋಗುತ್ತದೆ. ಮಾಡಿಟ್ಟ ಬಾಟಲಿಗಳೇ ಖಾರವಾಗಿದ್ದರೆ ಮೆಣಸಿಲ್ಲದ ಇನ್ನೊಂದು ಅಳತೆ ಮಾಡಿ, ಲೋಟದಲ್ಲಿ ಸಮಪಾಲು ಬೆರೆಸಿ ಕುಡಿಯಿರಿ.

ಅನಿಲವೇ ಬರಲಿಲ್ಲವೆಂದರೆ ಹತ್ತರಲ್ಲಿ ಎಂಟು ಸಲ ತಪ್ಪು ಹೆಪ್ಪಿನದು: ಶುಂಠಿ ಹಳೆಯದು, ಸಿಪ್ಪೆ ಕೆರೆದದ್ದು, ಕ್ಲೋರಿನ್ ನೀರು, ಇಲ್ಲವೇ ಚಳಿ. ಬಾಟಲಿಯನ್ನು ಬೆಚ್ಚಗಿನ ಜಾಗಕ್ಕೆ ಸರಿಸಿ ಒಂದು ದಿನ ನೋಡಿ. ಮುಚ್ಚಳ ಸರಿಯಾಗಿ ಕೂರದೆ ಅನಿಲ ಸೋರಿರುವುದೂ ಉಂಟು.

ಸೋಸಿ ಉಳಿದ ಶುಂಠಿ, ಮೆಣಸಿನ ಚರಟವನ್ನು ಎಸೆಯಬೇಡಿ. ಬಿಸಿಲಿಗೆ ಒಣಗಿಸಿ ಪುಡಿ ಮಾಡಿದರೆ ಮಜ್ಜಿಗೆಗೆ ಒಳ್ಳೆಯದು. ಹೆಪ್ಪಿನಿಂದ 200 ಮಿಲಿ ತೆಗೆದ ಜಾಗಕ್ಕೆ ಅಷ್ಟೇ ತಣಿದ ನೀರು, ಎರಡು ಚಮಚ ಸಕ್ಕರೆ, ಎರಡು ಚಮಚ ತುರಿದ ಶುಂಠಿ ಹಾಕಿ ಮುಂದುವರಿಸಿ. ಕೆಲವು ವಾರ ಮಾಡುವ ಯೋಚನೆ ಇಲ್ಲದಿದ್ದರೆ ಫ್ರಿಡ್ಜಿನಲ್ಲಿಟ್ಟು ವಾರಕ್ಕೊಮ್ಮೆ ಒಂದು ಚಮಚ ಸಕ್ಕರೆ, ಒಂದು ಚಮಚ ಶುಂಠಿ ಕೊಡಿ. ಬೇಕಾದ ದಿನಕ್ಕಿಂತ ಎರಡು ದಿನ ಮೊದಲು ಹೊರಗೆ ತೆಗೆದರೆ ಮತ್ತೆ ಏಳುತ್ತದೆ. ಪಕ್ಕದ ಮನೆಯವರು ಹೆಪ್ಪು ಕೇಳಿ ಬಂದರೆ ಅರ್ಧ ಲೋಟ ಕೊಡಿ, ಕೊಡುವಾಗ ಗಾಜಿನ ಬಾಟಲಿಯ ವಿಷಯವನ್ನೂ ಬಿತ್ತನೆ ಶುಂಠಿಯ ವಿಷಯವನ್ನೂ ಹೇಳಿ ಕೊಡಿ.